ಪಕ್ಕದವರ ಕಿವಿ



ಅಮೆರಿಕದ ವಯೋಮಿಂಗ್, ಸೌತ್ ಡಕೋಟಾ ಹುಲ್ಲುಗಾವಲುಗಳಲ್ಲಿ ಬಿಲ ತೋಡುವ ಪ್ರೇರಿ ಡಾಗ್‌ಗಳೆಂದರೆ ಅನೇಕ ದನಗಾಹಿಗಳಿಗೆ ಪೀಡೆ. ಅವುಗಳ ಬೇಟೆಗೆ .223ರಂಥ ಸಣ್ಣ ಗುಂಡಿನ ರೈಫಲ್ ಬಳಸುತ್ತಾರೆ. ಒದೆತ ಕಡಿಮೆಯೇ, ಆದರೂ ಗುಂಡು ಹಾರಿದೊಡನೆ ನಳಿಗೆ ಮೇಲೆದ್ದು, ದುರ್ಬೀನಿನಿಂದ ಗುರಿ ತಪ್ಪಿಹೋಗುತ್ತದೆ. ಅದಕ್ಕೇ ನಳಿಗೆಯ ತುದಿಗೆ ಮಜಲ್ ಬ್ರೇಕ್. ಅದರ ತೂತುಗಳಿಂದ ಬಿಸಿ ಅನಿಲ ಪಕ್ಕಕ್ಕೆ ನುಗ್ಗುತ್ತದೆ, ಬಂದೂಕು ಅಷ್ಟಾಗಿ ಅಲುಗುವುದಿಲ್ಲ, ಗುಂಡು ಬಿದ್ದ ಜಾಗ ಕಾಣುತ್ತದೆ.

ಆದರೆ ಸದ್ದೂ ಪಕ್ಕಕ್ಕೇ ತಿರುಗುತ್ತದೆ! ಬ್ರೇಕ್ ಇಲ್ಲದಿದ್ದರೂ ಅದು 140 ಡೆಸಿಬೆಲ್‌ನ ಅಪಾಯದ ಗೆರೆ ದಾಟಿರುತ್ತದೆ. ಇದ್ದರಂತೂ ಪಕ್ಕದಲ್ಲಿ ನಿಂತ ಗೆಳೆಯನಿಗೂ ಪೆಟ್ಟು. ಒಳಗಿವಿಯ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಿವಿಯೊಳಗೆ ಪ್ಲಗ್, ಮೇಲೆ ಇಯರ್ ಮಫ್, ಇಬ್ಬರಿಗೂ ಎರಡೂ ಬೇಕು.

ನಮ್ಮ ನಿಮ್ಮ ನಂಟು ಕಿವಿಯದೇ ಅಲ್ಲವೇ? ಜೋಪಾನ!