ಟ್ಯಾಪೆಟ್ ಸೆಟಿಂಗ್ ಮನೆಯಂಗಳದಲ್ಲೇ

ಕೊಹಿನೂರಿನಿಂದ ಬಸವಕಲ್ಯಾಣಕ್ಕೋ ಹುಮನಾಬಾದಿಗೋ ಬೈಕ್ ಓಡಿಸಿಕೊಂಡು ಹೋಗಿ, ಗ್ಯಾರೇಜಿನ ಮುಂದೆ ನಿಲ್ಲಿಸಿ, ‘ಟ್ಯಾಪೆಟ್ ಬಡಿಲಾಕತ್ತಾವ, ಜರಾ ಟೈಟ್ ಮಾಡ್ರಿ’ ಅನ್ನುವುದು ನಮ್ಮ ಕಡೆ ರೂಢಿ. ಆದರೆ ಟ್ಯಾಪೆಟ್ ಅಳತೆ ನೋಡಬೇಕಾದದ್ದು ಎಂಜಿನ್ ತಣ್ಣಗಿದ್ದಾಗ. 35 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿರಬೇಕು ಎನ್ನುತ್ತವೆ ಹೊಂಡಾ ಕೈಪಿಡಿಗಳು. ಬೇಸಿಗೆಯ ಮಧ್ಯಾಹ್ನ ಇಲ್ಲಿ ಗಾಳಿಯೇ ಅದಕ್ಕಿಂತ ಬಿಸಿ. ಈಗಷ್ಟೇ ಓಡಿಬಂದ ಎಂಜಿನ್ನಿನ ಮಾತು ಕೇಳುವುದೇ ಬೇಡ. ಹಾಗಾಗಿ ಸ್ಕ್ರೂ ಟ್ಯಾಪೆಟ್ಟಿರುವ ಒಂಟಿ ಸಿಲಿಂಡರ್ ಬೈಕಿಗೆ ಈ ಕೆಲಸ ಮಾಡಲು, ರಾತ್ರಿಯೆಲ್ಲ ನಿಂತ ಗಾಡಿಯ ಮುಂದೆ ನಸುಕಿನಲ್ಲಿ ಕೂರುವ ಮನೆಯವನಿಗೇ ಒಳ್ಳೆಯ ಅವಕಾಶ ಎನ್ನುತ್ತೇನೆ.

ಕಿವಿಯನ್ನು ನಂಬುವ ಮಿಸ್ತ್ರಿ ಇರುವಾಗ ಅಳತೆ ಯಾಕೆ ಎಂದು ಕೇಳಬಹುದು. ರಾಕರ್ ಆರ್ಮ್‌ಗೂ ವಾಲ್ವಿನ ತುದಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತಾರೆ, ಕಾದ ಲೋಹ ಹಿಗ್ಗಲು. ಟ್ಯಾಪೆಟ್ ಅಳತೆ ಎಂದರೆ ಈ ಸಂದಿನ ಅಳತೆ. ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗಿದರೆ ಒಂದೊಂದು ವಾಲ್ವೂ 2,500 ಸಲ ತೆರೆದು ಮುಚ್ಚುತ್ತದೆ. ಸಂದು ಹೆಚ್ಚಾದರೆ ಟಕಟಕ ಸದ್ದು. ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚುವುದರಿಂದ ಎಳೆತವೂ ಕುಗ್ಗುತ್ತದೆ. ಸಂದು ಇಲ್ಲವಾದರೆ ಸದ್ದೇನೋ ಅಡಗುತ್ತದೆ, ಆದರೆ ವಾಲ್ವ್ ತನ್ನ ಸೀಟಿನ ಮೇಲೆ ಪೂರ್ತಿ ಕೂರುವುದಿಲ್ಲ. ಕಂಪ್ರೆಷನ್ ಸೋರುತ್ತದೆ, ಕಿಕ್ ಹೊಡೆದರೂ ಗಾಡಿ ಬೇಗ ಚಾಲೂ ಆಗುವುದಿಲ್ಲ, ಐಡ್ಲಿಂಗ್ ನಿಲ್ಲುವುದಿಲ್ಲ. ಸೈಲೆನ್ಸರ್ ಕಡೆಯ ವಾಲ್ವ್ ತನ್ನ ಬಿಸಿಯ ಬಹುಪಾಲನ್ನು ದಾಟಿಸುವುದೇ ಸೀಟಿಗೆ ಅಂಟಿ ಕೂತಾಗ. ಕೂರದಿದ್ದರೆ ಅದರ ಅಂಚು ಸುಟ್ಟುಹೋಗುತ್ತದೆ. ಬಡಿಯುವ ಟ್ಯಾಪೆಟ್ಟಿಗಿಂತ ಬಿಗಿಯಾಗಿ ಸುಮ್ಮನಿರುವ ಟ್ಯಾಪೆಟ್ಟಿಗೇ ಹೆಚ್ಚು ಅಂಜಬೇಕು, ಅದನ್ನು ಕಿವಿ ಹಿಡಿಯಲಾರದು.

ಕಲಿಯದ ಕೈ ಎಂಜಿನ್ ಕೆಡಿಸೀತು ಎಂಬ ಭಯ ಸುಳ್ಳಲ್ಲ. ಆ ತಪ್ಪು ಹೆಚ್ಚಾಗಿ ನಡೆಯುವುದು ಒಂದೇ ಕಡೆ. ಮ್ಯಾಗ್ನೆಟ್ ಕವರಿನ ಕಿಂಡಿಯಲ್ಲಿ, ಪಿಸ್ಟನ್ ಮೇಲ್ತುದಿಗೆ ಬಂದಿದೆ ಎನ್ನುವ ‘ಟಿ’ ಗುರುತು ಕಂಡೊಡನೆ ಅಳೆಯಲು ಹೊರಡಬೇಡಿ. ಕ್ರ್ಯಾಂಕ್ ಎರಡು ಸುತ್ತು ತಿರುಗುವಷ್ಟರಲ್ಲಿ ಆ ಗುರುತು ಎರಡು ಸಲ ಬರುತ್ತದೆ, ಎರಡೂ ವಾಲ್ವುಗಳು ಮುಚ್ಚಿರುವುದು ಅದರಲ್ಲಿ ಒಂದು ಸಲ ಮಾತ್ರ. ಎರಡೂ ರಾಕರ್‌ಗಳನ್ನು ಬೆರಳಿನಿಂದ ಅಲುಗಿಸಿ ನೋಡಿ. ಎರಡೂ ತುಸು ಆಡಿದರೆ ವಾಲ್ವುಗಳು ಮುಚ್ಚಿವೆ. ಇಲ್ಲದಿದ್ದರೆ ಇನ್ನೊಂದು ಸುತ್ತು ತಿರುಗಿಸಿ, ಮತ್ತೆ ನೋಡಿ. ಬಿಗಿಯಾದ ವಾಲ್ವಿನ ರಾಕರ್ ಎರಡೂ ಸಲ ಆಡದಿದ್ದೀತು. ಆಗ ಗುರುತಿನ ಆಚೀಚೆ ಕ್ರ್ಯಾಂಕನ್ನು ಸ್ವಲ್ಪ ಅಲ್ಲಾಡಿಸಿದರೂ ಎರಡು ರಾಕರ್‌ಗಳೂ ಕದಲದ ಸುತ್ತನ್ನೇ ಆರಿಸಿಕೊಳ್ಳಿ. ನಿಮ್ಮ ಗಾಡಿಯ ಕೈಪಿಡಿ ಹೇಳಿದ ಫೀಲರ್ ಗೇಜ್ ಎಲೆ ಸಂದಿನಲ್ಲಿ ತುಸು ಹಿಡಿದು ಜಾರಬೇಕು. ಹಾಗಾಗದಿದ್ದರೆ ಲಾಕ್ ನಟ್ ಸಡಿಲಿಸಿ, ಸ್ಕ್ರೂ ತಿರುಗಿಸಿ ಹೊಂದಿಸಿ. ಸ್ಕ್ರೂ ಹಿಡಿದುಕೊಂಡೇ ಲಾಕ್ ನಟ್ ಬಿಗಿ ಮಾಡಿ. ಬಿಗಿಯುವಾಗ ಸ್ಕ್ರೂ ತುಸು ಸರಿಯಬಹುದು, ಆದ್ದರಿಂದ ಎಂಜಿನ್ನನ್ನು ಎರಡು ಸುತ್ತು ತಿರುಗಿಸಿ ಮತ್ತೊಮ್ಮೆ ಅಳೆಯಿರಿ. ಎಲೆ ಮೊದಲಿನಂತೆ ಜಾರದಿದ್ದರೆ ನಟ್ ಸಡಿಲಿಸಿ, ಮತ್ತೆ ಹೊಂದಿಸಿ.