ಎರೆಯ ಮೇಲೆ ಮನೆ

ಬಿಳಿಜೋಳಕ್ಕೂ ಹತ್ತಿಗೂ ಹೇಳಿ ಮಾಡಿಸಿದ ಎರೆಮಣ್ಣು ಮನೆಗೆ ಮಾತ್ರ ಆಗಿಬರುವುದಿಲ್ಲ. ನವಲಗುಂದ, ಗದಗ, ವಿಜಯಪುರ, ಕಲಬುರಗಿಯ ಕಡೆ ಇದು ಯಾರಿಗೂ ಹೊಸ ಸಂಗತಿಯಲ್ಲ. ಹೊಸ ಮನೆ ಎರಡು ಮಳೆಗಾಲ ಕಾಣುವಷ್ಟರಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೊರಡುತ್ತದೆ. ಬಾಗಿಲು ಚೌಕಟ್ಟಿಗೆ ಕೂಡದಾಗುತ್ತದೆ. ಜೀವಮಾನದ ಗಳಿಕೆ ಸುರಿದವರು ಗೌಂಡಿಯನ್ನೋ ಸಿಮೆಂಟನ್ನೋ ದೂರುತ್ತಾರೆ. ಕಾರಣ ಬಹುಮಟ್ಟಿಗೆ ನೆಲದೊಳಗಿರುತ್ತದೆ.

ಎರೆಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚು. ಅದರ ಕಣಗಳು ಪುಸ್ತಕದ ಪುಟಗಳಂತೆ ಪದರ ಪದರವಾಗಿರುತ್ತವೆ. ಮಳೆಗೆ ಪುಟಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ; ಬೇಸಿಗೆಯಲ್ಲಿ ಕುಗ್ಗಿ ಕೈ ತೂರುವಷ್ಟು ಬಾಯಿ ಬಿಡುತ್ತದೆ. ಕೆಂಪು ಮಸಾರಿಯಲ್ಲಿ ಹೆಚ್ಚಾಗಿರುವ ಕೇಯೊಲಿನೈಟಿನ ಪದರಗಳು ಬಿಗಿಯಾಗಿ ಅಂಟಿಕೊಂಡಿರುವುದರಿಂದ ಅಲ್ಲಿ ಈ ಕಾಟ ಕಡಿಮೆ.

ಮನೆಯ ಅಡಿಯ ಮಣ್ಣೆಲ್ಲ ಒಂದೇ ಸಮ ಏರಿ ಇಳಿದರೆ ಅಷ್ಟು ಚಿಂತೆಯಿರಲಿಲ್ಲ. ಆದರೆ ಅಂಚಿನ ಮಣ್ಣು ನೆನೆದು ಒಣಗುತ್ತಿರುತ್ತದೆ, ನಡುವಿನದು ಹಾಗೆಯೇ ಇರುತ್ತದೆ. ಗೋಡೆ ಸೀಳುವುದು ಇದರಿಂದಲೇ. ಇನ್ನೊಂದು ವಿಚಿತ್ರವೆಂದರೆ, ಭಾರದ ಕಟ್ಟಡಕ್ಕಿಂತ ಹಗುರವಾದ ಒಂದಂತಸ್ತಿನ ಮನೆಗೇ ಅಪಾಯ ಹೆಚ್ಚು. ಉಬ್ಬುವ ಮಣ್ಣನ್ನು ಅದುಮಿ ಹಿಡಿಯುವ ತೂಕ ಅದಕ್ಕಿಲ್ಲ. ಬಡವನ ಮನೆಯೇ ಮೊದಲು ಬಿರಿಯುತ್ತದೆ ಎನ್ನಬೇಕು.

ಎರೆಯ ಪದರ ತೆಳುವಾಗಿದ್ದರೆ ಗರಸು ಸಿಗುವತನಕ ಪಾಯ ಅಗೆಯುವುದೇ ಸರಿಯಾದ ದಾರಿ. ಆಳವಾಗಿದ್ದರೆ? ಸುಮಾರು 3.5 ಮೀಟರಿನ ಕೆಳಗೆ ತೇವ ಋತುವಿನೊಡನೆ ಅಷ್ಟಾಗಿ ಬದಲಾಗುವುದಿಲ್ಲ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಢಿಗೆ ತಂದ ಅಂಡರ್‌ರೀಮ್ಡ್ ಪೈಲ್ ಈ ಗುಟ್ಟನ್ನೇ ನೆಚ್ಚಿದೆ. ಬೈರಿಗೆಯಿಂದ ಆ ಆಳಕ್ಕೆ ಕುಳಿ ಕೊರೆದು, ತಳದಲ್ಲಿ ಸುಮಾರು ಎರಡೂವರೆ ಪಟ್ಟು ಅಗಲಿಸಿ, ಕಬ್ಬಿಣ ಇಳಿಸಿ ಕಾಂಕ್ರೀಟ್ ತುಂಬುತ್ತಾರೆ. ಗಡ್ಡೆಯಂತಹ ಆ ತಳ ಕಂಬವನ್ನು ಮೇಲೇಳಗೊಡುವುದಿಲ್ಲ. ಕಂಬಗಳನ್ನು ಕೂಡಿಸುವ ತೊಲೆಯ ಅಡಿಯಲ್ಲಿ ಮಣ್ಣು ಉಬ್ಬಲು ಒಂದಿಷ್ಟು ಜಾಗ ಬಿಡಬೇಕು. ಖರ್ಚಿಲ್ಲದ ಈ ಕೆಲಸವನ್ನೇ ಮರೆತರೆ ಉಬ್ಬಿದ ಮಣ್ಣು ತೊಲೆಯನ್ನೇ ಎತ್ತುತ್ತದೆ.

ನಿವೇಶನದ ಮಣ್ಣನ್ನು ಮೊದಲೇ ಪರೀಕ್ಷಿಸುವುದು ಕಷ್ಟವೇನಲ್ಲ. ಜರಡಿ ಹಿಡಿದ ಒಣಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ ಒಂದು ಅಳತೆಗಾಜಿನಲ್ಲಿ ನೀರಿಗೂ ಇನ್ನೊಂದರಲ್ಲಿ ಸೀಮೆಎಣ್ಣೆಗೂ ಹಾಕಿ ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಅದಕ್ಕಿಂತ ಶೇಕಡಾ 50ಕ್ಕೂ ಮೀರಿ ಏರಿದ್ದರೆ, ಪಾಯ ತೋಡುವ ಮುನ್ನ ಎಂಜಿನಿಯರರನ್ನು ಕೇಳಬೇಕು.