ಯಾರ ದೃಷ್ಟಿಯ ಅರ್ಹತೆ?

ಅರ್ಹತೆ ಎಂಬ ಮಾತನ್ನು ನಾವು ಮೇಲಿಂದ ಮೇಲೆ ಆಡುತ್ತೇವೆ. ಆದರೆ ಯಾವುದಕ್ಕೆ ಅರ್ಹತೆ, ಯಾರ ದೃಷ್ಟಿಯಲ್ಲಿ ಅರ್ಹತೆ ಎಂದು ಕೇಳಿಕೊಳ್ಳುವುದು ವಿರಳ. ವೈದ್ಯವಿದ್ಯೆಯನ್ನು ಅರಸಿ ಹೊರದೇಶಕ್ಕೆ ಹೊರಡುವ ಮಕ್ಕಳ ಪಾಲಿಗಂತೂ ಇದು ಇಡೀ ಬಾಳಿನ ಪ್ರಶ್ನೆ.

ನಮ್ಮ ಗುತ್ತೂರು, ಹರಿಹರಗಳ ಕಡೆಯಿಂದ ರಾಣೆಬೆನ್ನೂರಿಗೆ ಹೋಗುವ ಹಾದಿಯಲ್ಲಿ ಚಳಗೇರಿ ಎಂಬ ಊರಿದೆ. ಆ ಊರಿನ ತರುಣನೊಬ್ಬ ಉಕ್ರೇನಿನ ಖಾರ್ಕಿವ್ ನಗರದಲ್ಲಿ ವೈದ್ಯಕೀಯ ಓದುತ್ತಿದ್ದ. 2022ರ ಮಾರ್ಚ್ 1ರಂದು ಆಹಾರ ತರಲು ಹೊರಗೆ ಹೋಗಿದ್ದಾಗ ಶೆಲ್ ದಾಳಿಗೆ ಬಲಿಯಾದ. ಪಿಯುಸಿಯಲ್ಲಿ ಶೇಕಡಾ 97 ಅಂಕ ಬಂದಿದ್ದರೂ ಇಲ್ಲಿ ಸೀಟು ಸಿಗಲಿಲ್ಲವೆಂದು ತಂದೆ ನುಡಿದದ್ದನ್ನು ನಾಡೆಲ್ಲ ಕೇಳಿತು. ಅದೇ ತಿಂಗಳ 21ರಂದು ತವರಿಗೆ ಬಂದ ದೇಹವನ್ನು ಮನೆಯವರು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನವಾಗಿ ಕೊಟ್ಟರು. 1965ರಲ್ಲಿಯೇ ಜೆ.ಜೆ.ಎಂ. ವೈದ್ಯಕೀಯ ಕಾಲೇಜನ್ನು ಕಂಡ ಪಟ್ಟಣದ ನೆರೆಯವನು ಓದಿಗಾಗಿ ಅಷ್ಟು ದೂರ ಹೋಗಬೇಕಾಯಿತು.

ಹೋಗುವವರನ್ನು ಹಳಿಯುವುದು ಸುಲಭ. ಇಲ್ಲಿ ಸರ್ಕಾರಿ ಸೀಟುಗಳು ಕೆಲವೇ. ಖಾಸಗಿ ಸೀಟಿನ ಶುಲ್ಕ ಸಾಮಾನ್ಯ ಸಂಸಾರದ ಕೈಗೆಟುಕದು. ಹೊರದೇಶದ ಹಲವು ವಿಶ್ವವಿದ್ಯಾಲಯಗಳಾದರೋ ಪಿಯುಸಿ ಅಂಕಪಟ್ಟಿಯನ್ನು ನೋಡಿಯೇ ಸ್ವಾಗತಿಸುತ್ತವೆ. ದಲ್ಲಾಳಿಗಳು ಸಾರುವುದು ಈ ಒಂದು ಅರ್ಹತೆಯನ್ನು ಮಾತ್ರ. ಹಿಂತಿರುಗಿ ಬಂದು ನಮ್ಮಲ್ಲಿ ವೈದ್ಯನಾಗಲು ಬೇಕಾದ ಅರ್ಹತೆ ಬೇರೆಯೇ ಇದೆ.

ಅದನ್ನು ಬಿಡಿಸಿ ಹೇಳುವುದಾದರೆ, ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರಗಳಲ್ಲಿ ಒಟ್ಟು ಶೇಕಡಾ 50 ಅಂಕ ಬಂದಿರಬೇಕು. ಮೀಸಲಾತಿಯವರಿಗೆ 40 ಸಾಕು. ಇಂಗ್ಲಿಷಿನಲ್ಲಿಯೂ ತೇರ್ಗಡೆಯಾಗಿರಬೇಕು. 2018ರಿಂದ, ಹೊರದೇಶಕ್ಕೆ ಹೋಗುವವರೂ ನೀಟ್ ಪರೀಕ್ಷೆಯಲ್ಲಿ ಅರ್ಹರಾಗಲೇಬೇಕೆಂಬ ನಿಯಮವಿದೆ. 2021ರ ನವೆಂಬರಿನ ನಿಯಮಾವಳಿಯು ಇನ್ನಷ್ಟು ಬಿಗಿಯಾಯಿತು: ಕನಿಷ್ಠ 54 ತಿಂಗಳ ಓದು, ಇಂಗ್ಲಿಷ್ ಮಾಧ್ಯಮ, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್, ಓದಿದ ದೇಶದಲ್ಲಿಯೂ ವೈದ್ಯವೃತ್ತಿ ನಡೆಸುವ ಹಕ್ಕು ಆ ಪದವಿಗೆ ಇರಬೇಕು. ಮರಳಿದ ಮೇಲೆ 300 ಅಂಕಗಳಲ್ಲಿ 150 ಪಡೆಯಬೇಕಾದ ಪರೀಕ್ಷೆಯೊಂದು ಉಂಟು. ಆ ಬಳಿಕ ಇಲ್ಲಿ ಮತ್ತೊಂದು ವರ್ಷದ ಇಂಟರ್ನ್‌ಶಿಪ್.

ನಿಯಮಗಳು ಅಳೆಯದ ಅರ್ಹತೆಯೊಂದಿದೆ, ಅದು ಭಾಷೆಯದು. ತರಗತಿಯ ಪಾಠ ಇಂಗ್ಲಿಷಿನಲ್ಲಿ ನಡೆದರೂ ಹಾಸಿಗೆಯ ಮೇಲಿನ ರೋಗಿ ತನ್ನ ನೋವನ್ನು ಹೇಳಿಕೊಳ್ಳುವುದು ರಷ್ಯನ್ನಿನಲ್ಲಿಯೋ ಉಕ್ರೇನಿಯನ್ನಿನಲ್ಲಿಯೋ. ಆ ನುಡಿ ತಿಳಿಯದವನು ಆಸ್ಪತ್ರೆಯಲ್ಲಿದ್ದೂ ಪುಸ್ತಕದಿಂದಲೇ ಕಲಿಯಬೇಕಾಗುತ್ತದೆ. ರೋಗಿಯ ಬಾಯಿಂದ ಕಲಿಯಬೇಕಾದುದು ಅವನಿಗೆ ತಪ್ಪಿಹೋಗುತ್ತದೆ.

ಆದುದರಿಂದ, ಹೊಲ ಒತ್ತೆಯಿಡುವ ಮುನ್ನ ತಂದೆತಾಯಿಗಳು ಮೊದಲು ಓದಬೇಕಾದುದು ಹೊರದೇಶದ ಪ್ರವೇಶಪತ್ರವನ್ನಲ್ಲ, ನಮ್ಮದೇ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮಗಳನ್ನು. ಓದಿ ಹೇಳುವವರು ಊರೂರಿನ ಕಾಲೇಜಿನಲ್ಲಿ ಒಬ್ಬರಾದರೂ ಇರಬೇಕು. ಪಿಯುಸಿಯ ಉಪನ್ಯಾಸಕರು ವರ್ಷದಲ್ಲಿ ಒಂದು ಸಂಜೆಯನ್ನು ಇದಕ್ಕೆ ಮೀಸಲಿಟ್ಟರೆ, ದಲ್ಲಾಳಿಯ ಮಾತನ್ನು ತೂಗಿ ನೋಡುವ ತಕ್ಕಡಿಯೊಂದು ಆ ಮಕ್ಕಳ ಕೈಗೆ ದೊರೆಯುತ್ತದೆ.